ಅರ್ಧ ಬಜೆಟ್ಟಿಗೆ ಒಂದು ಹಳೇ ಟ್ರಂಪೆಟ್: ಒಂದು ಖರೀದಿಯ ಪೂರ್ತಿ ವಿವರ

ಹುಡುಗಿಗೆ 13 ವರ್ಷ. ಶಾಲೆಯ ಬ್ಯಾಂಡ್‌ನಲ್ಲಿ ಟ್ರಂಪೆಟ್ ಊದುತ್ತಾಳೆ. ವಾದ್ಯ ಶಾಲೆಯದು. ವರ್ಷ ಮುಗಿದ ಮೇಲೆ ವಾಪಸ್ ಕೊಡಬೇಕು, ಅದು ಮುಂದಿನ ತರಗತಿಯ ಮಕ್ಕಳ ಕೈಗೆ ಹೋಗುತ್ತದೆ. ಇವಳಿಗೆ ಬಿಡಲು ಮನಸ್ಸಿಲ್ಲ. ಅಪ್ಪನಿಗೆ ವಾದ್ಯಗಳ ಗಂಧಗಾಳಿ ಇಲ್ಲ, ಆದರೆ ಮಗಳು ದಿನಾ ಊದುವುದನ್ನು ಕೇಳುತ್ತಾರೆ, ಬಿಡಿಸಬಾರದು ಅಂತ ಅವರಿಗೂ ಅನಿಸಿದೆ. ಕೈಯಲ್ಲಿದ್ದ ದುಡ್ಡು ಮಾತ್ರ ಒಳ್ಳೇ ಕಂಪನಿಯ ಹೊಸ ವಿದ್ಯಾರ್ಥಿ ಮಾದರಿಯ ಬೆಲೆಯಲ್ಲಿ ಸುಮಾರು ಅರ್ಧ.

ನಾನು ಬಹಳ ವರ್ಷದಿಂದ ಟ್ರಂಪೆಟ್ ಊದುವವನು. ಹಳೇ ವಾದ್ಯ ಕೊಳ್ಳುವವರ ಜೊತೆ ಹೋಗಿ ನೋಡಿಕೊಡುತ್ತೇನೆ. ಈ ಖರೀದಿಯನ್ನು ಪೂರ್ತಿಯಾಗಿ ಬರೆದಿಡಲು ಒಂದು ಕಾರಣ ಇದೆ. ಸೋರುವ ವಾಲ್ವ್ (ಸ್ವರ ಬದಲಾಯಿಸಲು ಬೆರಳಿನಿಂದ ಒತ್ತುವ ಕವಾಟ) ಇರುವ ಟ್ರಂಪೆಟ್ ಕೈಗೆ ಸಿಕ್ಕಿದ ಮಗು, ತಪ್ಪು ವಾದ್ಯದ್ದು ಅಂತ ಅಂದುಕೊಳ್ಳುವುದಿಲ್ಲ. ತನ್ನ ಕೈಲಿ ಆಗಲ್ಲ ಅಂದುಕೊಳ್ಳುತ್ತದೆ. ಆರು ತಿಂಗಳಲ್ಲಿ ಪೆಟ್ಟಿಗೆ ಅಟ್ಟ ಸೇರುತ್ತದೆ. ಇದನ್ನು ತುಂಬಾ ಸಲ ನೋಡಿದ್ದೇನೆ, ಪ್ರತಿ ಸಲವೂ ಬೇಜಾರಾಗುತ್ತದೆ.

ಹುಡುಕಲು ಶುರು ಮಾಡುವ ಮೊದಲೇ ಅಪ್ಪನಿಗೆ ಎರಡು ವಿಷಯ ಹೇಳಿದೆ. ಮೊದಲನೆಯದು ದುಡ್ಡಿನ ಲೆಕ್ಕ. ಇರುವುದನ್ನು ನೂರು ಭಾಗ ಮಾಡಿದರೆ ವಾದ್ಯಕ್ಕೆ 65 ಭಾಗಕ್ಕಿಂತ ಜಾಸ್ತಿ ಹೋಗಬಾರದು. 25 ಭಾಗ ರಿಪೇರಿಗೆ, 10 ಭಾಗ ಮೌತ್‌ಪೀಸ್ (ತುಟಿಗೆ ಇಟ್ಟು ಊದುವ ತುದಿ), ವಾಲ್ವ್ ಎಣ್ಣೆ, ಗ್ರೀಸ್, ಬ್ರಷ್‌ಗೆ. ಹಳೇ ವಾದ್ಯಕ್ಕೆ ಏನಾದರೂ ಕೆಲಸ ಇದ್ದೇ ಇರುತ್ತದೆ. ಇರುವುದನ್ನೆಲ್ಲಾ ಮಾರುವವರ ಕೈಗೆ ಕೊಟ್ಟು ಬಂದರೆ ಆ ಕೆಲಸ ಹಾಗೇ ಉಳಿಯುತ್ತದೆ. ಎರಡನೆಯದು, ಮೊದಲು ರಿಪೇರಿ ಮಾಡುವವರನ್ನು ಗೊತ್ತು ಮಾಡಿಕೊಳ್ಳೋಣ, ಆಮೇಲೆ ವಾದ್ಯ ಹುಡುಕೋಣ ಅಂದೆ. ಹಿತ್ತಾಳೆ ವಾದ್ಯಗಳ ಕೆಲಸ ಗೊತ್ತಿರುವ ಒಬ್ಬರ ಜೊತೆ ಮಾತಾಡಿದೆವು. ಫೋಟೊ ಕಳಿಸಿದರೆ ನೋಡಿ ಅಂದಾಜು ಹೇಳುತ್ತೇನೆ ಅಂತ ಒಪ್ಪಿಕೊಂಡರು. ಆ ಒಂದು ಮಾತು ಕೊನೆಗೆ ತುಂಬಾ ಉಪಯೋಗಕ್ಕೆ ಬಂತು.

ಬೇಡ ಅಂದ ಮೂರು

ಮೊದಲು ನೋಡಿದ್ದು ಕೆಂಪು ಬಣ್ಣದ ಟ್ರಂಪೆಟ್. ಹೆಸರಿಲ್ಲ, ಸೀರಿಯಲ್ ನಂಬರ್ ಇಲ್ಲ. ಹೆಚ್ಚು ಬಳಸಿಲ್ಲ, ಥಳಥಳ ಹೊಳೆಯುತ್ತಿತ್ತು. ಅಪ್ಪನಿಗೆ ಇಷ್ಟ ಆಯಿತು, ಬೆಲೆಯೂ ಕಡಿಮೆ. ಪಿಸ್ಟನ್, ಅಂದರೆ ವಾಲ್ವ್ ಒಳಗೆ ಮೇಲೆ ಕೆಳಗೆ ಓಡಾಡುವ ಲೋಹದ ತುಂಡು, ಒತ್ತಿದರೆ ಒಳಗೆ ಮರಳು ಸಿಕ್ಕಿಕೊಂಡ ಹಾಗೆ ಕರಕರ. ಎಣ್ಣೆ ಹಾಕಿದರೂ ಅಷ್ಟೇ. ಮೂರನೇ ವಾಲ್ವ್‌ನ ಸ್ಲೈಡ್ (ಎಳೆದು ಉದ್ದ ಮಾಡಬಹುದಾದ ಬಾಗಿದ ಕೊಳವೆ) ಅರ್ಧ ದೂರ ಬಂದು ಬಿಗಿಯಾಯಿತು, ಯಾಕೆಂದರೆ ಅದರ ಎರಡು ಕಾಲು ಒಂದಕ್ಕೊಂದು ನೇರ ಇರಲಿಲ್ಲ. ಇಂಥ ವಾದ್ಯಕ್ಕೆ ಬಿಡಿಭಾಗ ಸಿಗುವುದಿಲ್ಲ. ತುಂಬಾ ಜನ ರಿಪೇರಿಯವರು ಇದನ್ನು ಮುಟ್ಟುವುದೇ ಇಲ್ಲ, ಕೆಲಸದ ಖರ್ಚು ವಾದ್ಯದ ಬೆಲೆಯನ್ನೇ ದಾಟುತ್ತದೆ. ಐದು ನಿಮಿಷದಲ್ಲಿ ಎದ್ದು ಬಂದೆವು.

ಎರಡನೆಯದು ಹಳೇ ಕಾರ್ನೆಟ್, ಟ್ರಂಪೆಟ್‌ನ ಹಾಗೇ ಊದುವ ಅದರ ಹತ್ತಿರದ ವಾದ್ಯ. ಬೆಳ್ಳಿ ಲೇಪ, ಬೆಲ್ (ಸದ್ದು ಹೊರಬರುವ ಅಗಲವಾದ ಬಾಯಿ) ಮೇಲೆ ಹೂಬಳ್ಳಿ ಕೆತ್ತನೆ, ಕೈಗೆ ತಗೊಂಡರೆ ಕೆಳಗಿಡಲು ಮನಸ್ಸು ಬಾರದು. ವಾಲ್ವ್ ಕೂಡ ಚೆನ್ನಾಗಿದ್ದವು. ಆದರೆ ಎರಡನೇ ವಾಲ್ವ್ ಪಕ್ಕ ಎಚ್‌ಪಿ ಅಂತ ಎರಡು ಸಣ್ಣ ಅಕ್ಷರ. ಹೈ ಪಿಚ್, ಅಂದರೆ ಮೇಲಿನ ಶ್ರುತಿಗೆ ಮಾಡಿದ ವಾದ್ಯ. ಈಗ ಸಾಮಾನ್ಯವಾಗಿ ಶ್ರುತಿ ಮಾಡಿಕೊಳ್ಳುವ 440 ಹರ್ಟ್ಸ್‌ಗೆ (ಎ ಸ್ವರ ಸೆಕೆಂಡಿಗೆ 440 ಸಲ ಕಂಪಿಸುವುದು) 1939ರಲ್ಲಿ ಲಂಡನ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಸಭೆ ಒಪ್ಪಿತ್ತು. ಅದಕ್ಕೂ ಮುಂಚೆ ಎಷ್ಟೋ ಬ್ಯಾಂಡ್‌ಗಳು 452 ಹರ್ಟ್ಸ್ ಆಸುಪಾಸು ಊದುತ್ತಿದ್ದವು. ಬ್ರಿಟನ್ನಿನ ಹಿತ್ತಾಳೆ ಬ್ಯಾಂಡ್‌ಗಳಂತೂ 1960ರ ದಶಕದವರೆಗೂ ಅದನ್ನು ಬಿಡಲಿಲ್ಲ. 452ಕ್ಕೂ 440ಕ್ಕೂ ಇರುವ ಅಂತರ, ಶ್ರುತಿ ಅಳೆಯುವ ಮಾನದಲ್ಲಿ, ಸುಮಾರು 47 ಸೆಂಟ್. ಪಕ್ಕಪಕ್ಕದ ಎರಡು ಸ್ವರಗಳ ನಡುವೆ ಇರುವುದೇ 100 ಸೆಂಟ್. ಅಂದರೆ ಈ ಕಾರ್ನೆಟ್ ಬ್ಯಾಂಡ್‌ನ ಉಳಿದವರಿಗಿಂತ ಆ ಅಂತರದ ಹತ್ತಿರ ಹತ್ತಿರ ಅರ್ಧದಷ್ಟು ಮೇಲೆ ಕೂಗುತ್ತದೆ.

ಟ್ಯೂನಿಂಗ್ ಸ್ಲೈಡ್ (ಇಡೀ ವಾದ್ಯದ ಶ್ರುತಿ ಸರಿ ಮಾಡುವ ಮುಖ್ಯ ಸ್ಲೈಡ್) ಎಳೆದು ಸರಿ ಮಾಡಬಹುದಲ್ವಾ ಅಂತ ಹುಡುಗಿ ಕೇಳಿದಳು. ಒಳ್ಳೇ ಪ್ರಶ್ನೆ. ಕೊಳವೆಯ ಒಟ್ಟು ಉದ್ದ ಸುಮಾರು 4 ಸೆಂಟಿಮೀಟರ್ ಹೆಚ್ಚಾಗಬೇಕು. ಸ್ಲೈಡ್‌ಗೆ ಎರಡು ಕಾಲು ಇರುವುದರಿಂದ 2 ಸೆಂಟಿಮೀಟರ್ ಎಳೆದರೆ ಸಾಕು. ಅಲ್ಲಿಗೆ ವಾಲ್ವ್ ಒತ್ತದೆ ಊದುವ ಸ್ವರಗಳು ಸರಿಯಾದವು. ಆದರೆ ಮೂರು ವಾಲ್ವ್‌ಗಳ ಸ್ಲೈಡ್‌ಗಳೂ ಚಿಕ್ಕ ಕೊಳವೆಯ ಲೆಕ್ಕಕ್ಕೇ ಮಾಡಿದವು. ಅವನ್ನೂ ಒಂದೊಂದು ಅಳತೆಗೆ ಎಳೆದಿಟ್ಟುಕೊಳ್ಳಬೇಕು. ಒಬ್ಬರೇ ಮನೆಯಲ್ಲಿ ಊದಲು ಪರವಾಗಿಲ್ಲ, ಬ್ಯಾಂಡ್‌ನಲ್ಲಿ ಕೂರುವ ಮಗುವಿಗೆ ಬೇಡ. ಹುಡುಗಿ ಅದನ್ನು ಬಿಟ್ಟು ಬರುವಾಗ ಒಮ್ಮೆ ತಿರುಗಿ ನೋಡಿದಳು. ನನಗೂ ಹಾಗೇ ಆಗಿತ್ತು.

ಮೂರನೆಯದೇ ನಿಜವಾದ ಅಪಾಯ. ದೊಡ್ಡ ಹೆಸರಿನ ವೃತ್ತಿಪರ ಮಾದರಿ. ಬೆಲೆ ಅಪ್ಪನ ಪೂರ್ತಿ ಬಜೆಟ್‌ಗೆ ಸರಿಯಾಗಿ ಕೂರುತ್ತಿತ್ತು. ಅವರು ಆಗಲೇ ಮನಸ್ಸಿನಲ್ಲಿ ಕೊಂಡುಬಿಟ್ಟಿದ್ದರು. ಇಷ್ಟು ದೊಡ್ಡ ವಾದ್ಯ ಇಷ್ಟಕ್ಕೆ ಸಿಗುತ್ತಿದೆ, ರಿಪೇರಿ ದುಡ್ಡನ್ನೂ ಇದಕ್ಕೇ ಸೇರಿಸೋಣ ಅಂದರು.

ನಾನು ಕಿಟಕಿ ಹತ್ತಿರ ತಗೊಂಡು ಹೋದೆ. ಬೆಲ್ ಮೇಲಿನ ಕೆತ್ತನೆಯ ಅಂಚುಗಳು ಕರಗಿದ ಹಾಗೆ ಮಸುಕಾಗಿದ್ದವು. ಅಂದರೆ ಹಳೇ ಮೆರುಗು ತೆಗೆದು, ಚೆನ್ನಾಗಿ ಉಜ್ಜಿ, ಹೊಸ ಲ್ಯಾಕರ್ (ಹೊಳಪಿನ ಪಾರದರ್ಶಕ ಲೇಪ) ಹೊಡೆದಿದ್ದಾರೆ. ಉಜ್ಜಿದಷ್ಟೂ ತಗಡು ತೆಳುವಾಗುತ್ತದೆ. ಅದನ್ನೂ ಸಹಿಸಬಹುದು. ಆಮೇಲೆ ಲೀಡ್‌ಪೈಪ್ ನೋಡಿದೆ. ಮೌತ್‌ಪೀಸ್‌ನಿಂದ ಮುಂದಕ್ಕೆ ಹೋಗುವ ಮೊದಲ ಕೊಳವೆ ಅದು. ಅಲ್ಲಿ ಗುಲಾಬಿ ಬಣ್ಣದ ಸಣ್ಣ ಚುಕ್ಕೆಗಳು, ಪ್ರತಿ ಚುಕ್ಕೆಯ ನಡುವೆ ಕಪ್ಪು ಬಿಂದು.

ಇದಕ್ಕೆ ರೆಡ್ ರಾಟ್ ಅನ್ನುತ್ತಾರೆ. ಸಾಮಾನ್ಯ ಹಳದಿ ಹಿತ್ತಾಳೆಯಲ್ಲಿ ಸುಮಾರು 70 ಭಾಗ ತಾಮ್ರ, 30 ಭಾಗ ಸತು. ಎಂಜಲು, ಉಸಿರಿನ ತೇವ, ತಿಂಡಿಯ ಅಂಶ ಎಲ್ಲಾ ಸೇರಿ ಕೊಳವೆಯ ಒಳಗೆ ಕೂತರೆ ಸತು ನಿಧಾನಕ್ಕೆ ಕರಗಿ ಹೋಗುತ್ತದೆ. ಉಳಿಯುವುದು ತಾಮ್ರದ ಜೊಳ್ಳು. ಶುರುವಾಗುವುದು ಒಳಗಿನಿಂದ. ಹೊರಗೆ ಕೆಂಪು ಚುಕ್ಕೆ ಕಾಣುವ ಹೊತ್ತಿಗೆ ಆ ಜಾಗದಲ್ಲಿ ಗೋಡೆ ಪೂರ್ತಿ ಹೋಗಿರುತ್ತದೆ. ಪಾಲಿಶ್‌ನಿಂದ ಇದು ಹೋಗುವುದಿಲ್ಲ. ಲೀಡ್‌ಪೈಪ್ ಬದಲಾಯಿಸಬೇಕು. ಅದು ಆಗದ ಕೆಲಸ ಏನಲ್ಲ, ಆದರೆ ರಿಪೇರಿಗೆ ಇಟ್ಟ ದುಡ್ಡನ್ನೆಲ್ಲ ಬೆಲೆಗೇ ಸುರಿದ ಮೇಲೆ ಮಾಡಿಸುವುದು ಯಾವುದರಲ್ಲಿ?

ಅದೂ ಸಾಲದು ಅಂತ ಮೊದಲನೇ ವಾಲ್ವ್ ಸೋರುತ್ತಿತ್ತು. ಆ ಪರೀಕ್ಷೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಇದನ್ನು ಯಾರು ಬೇಕಾದರೂ ಮಾಡಬಹುದು, ಟ್ರಂಪೆಟ್ ಊದಲು ಬರಬೇಕು ಅಂತಿಲ್ಲ.

ವಾಲ್ವ್ ಒತ್ತದೆ ಹಾಗೇ ಇದ್ದಾಗ ಆ ವಾಲ್ವ್‌ನ ಸ್ಲೈಡ್‌ನ ಎರಡೂ ಬಾಯಿಗಳನ್ನು ಪಿಸ್ಟನ್ನಿನ ಮೈ ಮುಚ್ಚಿರುತ್ತದೆ. ಈಗ ಒತ್ತದೆ, ಸ್ಲೈಡನ್ನು ಎರಡು ಬೆರಳಗಲ ಹೊರಗೆ ಎಳೆಯಿರಿ. ಒಳಗೆ ಗಾಳಿ ತೆಳುವಾಗುತ್ತದೆ. ಒಂದೆರಡು ಕ್ಷಣ ಬಿಟ್ಟು ವಾಲ್ವ್ ಒತ್ತಿ. ಟಪ್ ಅಂತ ಸ್ಪಷ್ಟವಾಗಿ ಸದ್ದು ಬಂದರೆ ಪಿಸ್ಟನ್ ಬಿಗಿಯಾಗಿದೆ, ಗಾಳಿಯನ್ನು ತಡೆದು ಹಿಡಿದಿದೆ. ಸದ್ದೇ ಬರಲಿಲ್ಲ ಅಂದರೆ ಅಷ್ಟರಲ್ಲಿ ಗಾಳಿ ಸಂದಿಯಿಂದ ಒಳಗೆ ನುಸುಳಿದೆ. ಒಂದು ಎಚ್ಚರಿಕೆ: ದಪ್ಪ ಎಣ್ಣೆ ಸುರಿದಿದ್ದರೆ ಸವೆದ ವಾಲ್ವ್ ಕೂಡ ಟಪ್ ಅನ್ನುತ್ತದೆ. ಹಾಗಾಗಿ ಪಿಸ್ಟನ್ ಒರೆಸಿ, ನಾವೇ ತಂದ ತೆಳು ಎಣ್ಣೆ ಹಾಕಿ ಪರೀಕ್ಷೆ ಮಾಡಬೇಕು. ಆ ವೃತ್ತಿಪರ ಟ್ರಂಪೆಟ್‌ನಲ್ಲಿ ಮೊದಲ ಸಲ ಟಪ್ ಬಂತು. ಒರೆಸಿ ತೆಳು ಎಣ್ಣೆ ಹಾಕಿದ ಮೇಲೆ ಬರಲಿಲ್ಲ.

ಪಿಸ್ಟನ್ನಿಗೂ ಅದು ಕೂರುವ ಕೊಳವೆಗೂ ನಡುವೆ ಇರಬೇಕಾದ ಸಂದಿ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕದ್ದು, ಎರಡೋ ಮೂರೋ ಅಂಥ ಭಾಗ. ಅದು ಸವೆದರೆ ಪಿಸ್ಟನ್ನಿಗೆ ಹೊಸ ಲೇಪ ಕೊಟ್ಟು ಮತ್ತೆ ಅಳತೆಗೆ ಉಜ್ಜಿ ಕೂರಿಸಬೇಕು. ಟ್ರಂಪೆಟ್ ರಿಪೇರಿಯಲ್ಲಿ ಅತಿ ದುಬಾರಿ ಕೆಲಸಗಳಲ್ಲಿ ಅದೊಂದು. ಕಡಿಮೆ ಬಜೆಟ್‌ನವರು ವಾಲ್ವ್ ವಿಷಯದಲ್ಲಿ ರಾಜಿ ಆಗಲೇಬಾರದು ಅಂತ ನಾನು ಹೇಳುವುದು ಇದಕ್ಕೇ. ನೆಗ್ಗು, ಕಿಲುಬು, ಹೋದ ಮೆರುಗು, ಸವೆದ ಕಾರ್ಕ್, ಬಿಟ್ಟ ಬೆಸುಗೆ ಇವೆಲ್ಲಾ ಅಗ್ಗದಲ್ಲಿ ಸರಿಹೋಗುತ್ತವೆ ಅಥವಾ ಸರಿ ಮಾಡಿಸದೇ ಇದ್ದರೂ ನಡೆಯುತ್ತದೆ. ಬೇಜಾರಿನ ಸಂಗತಿ ಅಂದರೆ ಫೋಟೊದಲ್ಲಿ ಕಾಣುವುದು ಇವೇ. ವಾಲ್ವ್ ಒಳಗಿನ ಸವೆತ ಯಾವ ಫೋಟೊದಲ್ಲೂ ಕಾಣುವುದಿಲ್ಲ.

ಅಪ್ಪನಿಗೆ ಆ ದಿನ ಸ್ವಲ್ಪ ಅಸಮಾಧಾನ ಆಯಿತು. ದೊಡ್ಡ ಹೆಸರು ಕೈತಪ್ಪಿತಲ್ಲ ಅಂತ. ನಾನು ಹೆಚ್ಚು ವಾದ ಮಾಡಲಿಲ್ಲ. ಆ ಕಪ್ಪು ಬಿಂದುಗಳನ್ನು ಮೊಬೈಲ್ ಟಾರ್ಚ್ ಬೆಳಕಿನಲ್ಲಿ ತೋರಿಸಿದೆ, ಅಷ್ಟೇ.

ಗಾಳಿ ಹೋಗದ ಟ್ರಂಪೆಟ್

ನಾಲ್ಕನೆಯದನ್ನು ನೋಡಲು ಹೋಗುವಾಗ ಯಾರಿಗೂ ಆಸೆ ಇರಲಿಲ್ಲ. ಯಮಹಾ ವೈಟಿಆರ್-2335, ವಿದ್ಯಾರ್ಥಿ ಮಾದರಿ. ಕೇಳಿದ ಬೆಲೆ ಅಪ್ಪನ ನೂರು ಭಾಗದಲ್ಲಿ ನಲವತ್ತು. ಮಾರುವವರು ಮೊದಲೇ ಹೇಳಿದ್ದರು, "ಊದಿದರೆ ಗಾಳಿನೇ ಹೋಗಲ್ಲ, ಇದ್ದ ಹಾಗೇ ತಗೊಳ್ಳೋದಾದ್ರೆ ಬನ್ನಿ." ಅವರ ಮಗ ಚಿಕ್ಕವನಿದ್ದಾಗ ಊದುತ್ತಿದ್ದದ್ದು, ಆಮೇಲೆ ಯಾರೂ ಮುಟ್ಟಿರಲಿಲ್ಲ.

ಈ ಮಾದರಿಯ ಹೆಸರು ಕೇಳಿಯೇ ನನಗೆ ಹೋಗಿ ನೋಡಬೇಕು ಅನಿಸಿತ್ತು. ಇದರ ಪಿಸ್ಟನ್ ಮೊನೆಲ್ ಲೋಹದ್ದು, ನಿಕ್ಕಲ್ ಮತ್ತು ತಾಮ್ರದ ಮಿಶ್ರಣ. ಕಿಲುಬಿಗೆ ಬೇಗ ಬಗ್ಗುವುದಿಲ್ಲ. ಮೇಲೆ ಲೇಪ ಇಲ್ಲ, ಹಾಗಾಗಿ ಲೇಪ ಸುಲಿಯುವ ಚಿಂತೆಯೂ ಇಲ್ಲ. ವಿದ್ಯಾರ್ಥಿ ಮಾದರಿ ಅಂದರೆ ಕೆಳದರ್ಜೆ ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ. ಹಾಗಲ್ಲ. ಮಕ್ಕಳ ಕೈಯಲ್ಲಿ ಬಿದ್ದು ಎದ್ದು ಬಾಳಲಿ ಅಂತಲೇ ಗಟ್ಟಿಯಾಗಿ ಮಾಡಿರುತ್ತಾರೆ. ಓಲ್ಡ್ಸ್ ಕಂಪನಿ 1979ರಲ್ಲೇ ಮುಚ್ಚಿತು, ಅವರ ಅಂಬಾಸಿಡರ್ ಅನ್ನುವ ವಿದ್ಯಾರ್ಥಿ ಟ್ರಂಪೆಟ್‌ಗಳು ಇವತ್ತಿಗೂ ಚೆನ್ನಾಗಿ ನುಡಿಯುತ್ತವೆ.

ಪೆಟ್ಟಿಗೆ ತೆಗೆದಾಗ ಹುಡುಗಿಯ ಮುಖ ಸಪ್ಪೆಯಾಯಿತು. ಎಡಗೈ ಹಿಡಿಯುವ ಜಾಗದಲ್ಲೆಲ್ಲಾ ಲ್ಯಾಕರ್ ಹೋಗಿ ಹಿತ್ತಾಳೆ ಕಂದಾಗಿತ್ತು. ಬೆಲ್ ಅಂಚಿನ ಹತ್ತಿರ ಒಂದು ನೆಗ್ಗು. ಎರಡನೇ ವಾಲ್ವ್‌ನ ಪುಟ್ಟ ಸ್ಲೈಡ್ ಪಕ್ಕಕ್ಕೆ ಚಾಚಿಕೊಂಡಿರುತ್ತದಲ್ಲ, ಅದು ಏಟು ತಿಂದು ಸ್ವಲ್ಪ ಒಳಕ್ಕೆ ಒತ್ತಿಕೊಂಡಿತ್ತು.

ಊದಿದೆ. ಗೋಡೆಗೆ ಊದಿದ ಹಾಗೆ ಆಯಿತು.

ಮೇಲಿನ ಮುಚ್ಚಳ ಬಿಚ್ಚಿ ಮೊದಲನೇ ವಾಲ್ವ್‌ನ ಪಿಸ್ಟನ್ ಹೊರತೆಗೆದೆ. ಅದರ ಮೈ ಮೇಲೆ 3 ಅಂತ ಕೊರೆದಿತ್ತು. ಮೂರನೆಯದರಲ್ಲಿ 1. ಯಾರೋ ಎಣ್ಣೆ ಹಾಕಲು ಬಿಚ್ಚಿದವರು ಅದಲುಬದಲು ಮಾಡಿ ಹಾಕಿದ್ದಾರೆ. ಮೂರು ಪಿಸ್ಟನ್‌ಗಳ ತೂತುಗಳು ಬೇರೆ ಬೇರೆ ಜಾಗದಲ್ಲಿರುತ್ತವೆ. ತಪ್ಪು ಮನೆಗೆ ಹೋದ ಪಿಸ್ಟನ್ ಗಾಳಿಯ ದಾರಿಗೆ ಅಡ್ಡ ನಿಲ್ಲುತ್ತದೆ. ಸರಿಯಾದದ್ದನ್ನೇ ಹಾಕಿ, ತಿರುವು ತಪ್ಪಿದರೂ ಹೀಗೇ ಆಗುತ್ತದೆ. ನಿಧಾನಕ್ಕೆ ತಿರುಗಿಸಿದರೆ ಒಂದು ಕಡೆ ಕ್ಲಿಕ್ ಅಂತ ಕೂರುತ್ತದೆ. ಎರಡನ್ನೂ ಅವುಗಳ ಜಾಗಕ್ಕೆ ಹಾಕಿ, ತೆಳು ಎಣ್ಣೆ ಬಿಟ್ಟು, ಹುಡುಗಿಯ ಕೈಗೆ ಕೊಟ್ಟೆ. ಊದಿದಳು. ಮೊದಲ ಸ್ವರವೇ ತುಂಬಿಕೊಂಡು ಬಂತು.

ಮಾರುವವರು ಆಗ ಪಕ್ಕದ ಕೋಣೆಯಲ್ಲಿದ್ದರು. ಅಪ್ಪ ನನ್ನ ಮುಖ ನೋಡಿದರು. ಹೇಳಬೇಕು ಅಂದೆ. ಕರೆದು ಹೇಳಿದೆವು, ಪಿಸ್ಟನ್ ಅದಲುಬದಲಾಗಿತ್ತು, ಈಗ ನುಡಿಯುತ್ತಿದೆ, ನೀವು ಬೇಕಾದರೆ ಬೆಲೆ ಮತ್ತೆ ಯೋಚನೆ ಮಾಡಿ ಅಂತ. ಅವರು ಸ್ವಲ್ಪ ಹೊತ್ತು ಹುಡುಗಿ ಊದುವುದನ್ನು ಕೇಳಿದರು. "ಹೇಳಿದ ಬೆಲೆಗೇ ತಗೊಳ್ಳಿ, ಸುಮ್ನೆ ಬಿದ್ದಿತ್ತು" ಅಂದರು. ಅಪ್ಪ ಚೌಕಾಸಿ ಮಾಡಲಿಲ್ಲ. ಎದುರಿಗಿರುವವರಿಗೆ ಗೊತ್ತಿಲ್ಲದ್ದನ್ನು ಮುಚ್ಚಿಟ್ಟು ಅಗ್ಗಕ್ಕೆ ಹೊಡೆದುಕೊಂಡು ಬರುವುದು ನನಗೆ ಒಪ್ಪಿಗೆ ಇಲ್ಲ, ಬಜೆಟ್ ಎಷ್ಟೇ ಕಡಿಮೆ ಇರಲಿ.

ಆದರೆ ದುಡ್ಡು ಕೊಡುವ ಮೊದಲು ಉಳಿದದ್ದನ್ನೂ ನೋಡಬೇಕಿತ್ತು. ಒಂದನೇ ಮತ್ತು ಮೂರನೇ ವಾಲ್ವ್ ಎರಡರಲ್ಲೂ ಟಪ್ ಗಟ್ಟಿಯಾಗಿ ಬಂತು. ಎರಡನೆಯದರ ಸ್ಲೈಡ್ ಕದಲಲೇ ಇಲ್ಲ, ಅದಕ್ಕೆ ಈ ಪರೀಕ್ಷೆ ಮಾಡಲು ಆಗಲಿಲ್ಲ. ಆ ಪಿಸ್ಟನ್ ತೆಗೆದು ಉಳಿದೆರಡರ ಜೊತೆ ಹೋಲಿಸಿದೆ. ಅದೇ ಬೂದು ಬಣ್ಣ, ಉದ್ದುದ್ದ ಗೀರು ಇಲ್ಲ. ಆದರೆ ಒತ್ತಿ ಬಿಟ್ಟರೆ ಮೇಲೆ ಬರಲು ತಡ ಮಾಡುತ್ತಿತ್ತು. ನಿಧಾನಕ್ಕೆ ಒತ್ತಿದಾಗ ಒಂದೇ ಎತ್ತರದಲ್ಲಿ ಪ್ರತಿ ಸಲವೂ ತಡೆ. ಸ್ಲೈಡ್ ಕೂತಿರುವ ಎತ್ತರವೂ ಅದೇ.

ಟ್ರಂಪೆಟ್ ಪಕ್ಕಕ್ಕೆ ಬಿದ್ದಾಗ ಮೊದಲು ನೆಲಕ್ಕೆ ತಾಗುವುದು ಈ ಎರಡನೇ ಸ್ಲೈಡೇ. ಏಟು ನೇರವಾಗಿ ವಾಲ್ವ್ ಕೊಳವೆಯ ಗೋಡೆಗೆ ಹೋಗುತ್ತದೆ, ಗೋಡೆ ಕಣ್ಣಿಗೆ ಕಾಣದಷ್ಟು ಒಳಕ್ಕೆ ಬಾಗುತ್ತದೆ. ಅಷ್ಟು ಸಣ್ಣ ಸಂದಿಯಲ್ಲಿ ಓಡಾಡುವ ಪಿಸ್ಟನ್‌ಗೆ ಅದೇ ಸಾಕು. ಹಳೇ ವಿದ್ಯಾರ್ಥಿ ಟ್ರಂಪೆಟ್‌ಗಳಲ್ಲಿ ಇದು ತುಂಬಾ ಸಾಮಾನ್ಯ. ಪಿಸ್ಟನ್ ಬಾಗಿಲ್ಲ, ಗೀರು ಬಿದ್ದಿಲ್ಲ ಅಂದರೆ ಗೋಡೆಯನ್ನು ಮತ್ತೆ ಗುಂಡಗೆ ಮಾಡಬಹುದು. ಪಿಸ್ಟನ್ನೇ ಹಾಳಾಗಿದ್ದರೆ ಕಥೆ ಬೇರೆ. ಅಲ್ಲಿಂದಲೇ ಫೋಟೊ ತೆಗೆದು ರಿಪೇರಿಯವರಿಗೆ ಕಳಿಸಿದೆವು, ಫೋನ್ ಮಾಡಿ ಲಕ್ಷಣ ಹೇಳಿದೆವು. ಅವರು ಕೇಳಿದ್ದು ಒಂದೇ: "ಪಿಸ್ಟನ್ ಮೇಲೆ ಗೀರು ಇದೆಯಾ?" ಇಲ್ಲ ಅಂದೆ. "ತಗೊಂಡು ಬನ್ನಿ, ಮನೆಯಲ್ಲಿ ಯಾರೂ ಆ ಸ್ಲೈಡ್ ಎಳೆಯಬೇಡಿ" ಅಂದರು.

ಟ್ಯೂನಿಂಗ್ ಸ್ಲೈಡ್ ತೆಗೆದು ಲೀಡ್‌ಪೈಪ್ ಒಳಗೆ ಬೆಳಕಿಗೆ ಹಿಡಿದು ನೋಡಿದೆ. ಹಸಿರು ಕಿಲುಬು ಗಟ್ಟಿ ಕಟ್ಟಿತ್ತು, ಹೊರಗೆ ಮಾತ್ರ ಗುಲಾಬಿ ಚುಕ್ಕೆ ಒಂದೂ ಇಲ್ಲ. ಕಿಲುಬು ತೊಳೆದರೆ ಹೋಗುತ್ತದೆ. ಆಮೇಲೆ ಮೊಬೈಲ್‌ನ ಟ್ಯೂನರ್ ಇಟ್ಟು ಊದಿಸಿದೆ. ಟ್ಯೂನಿಂಗ್ ಸ್ಲೈಡ್ ಪೂರ್ತಿ ಒಳಗಿದ್ದಾಗ ಶ್ರುತಿ ಸ್ವಲ್ಪ ಮೇಲಿರಬೇಕು, ಎಳೆದಾಗ ಸರಿಯಾದ ಜಾಗಕ್ಕೆ ಇಳಿಯಬೇಕು. ಇಲ್ಲಿ ಹಾಗೇ ಆಯಿತು. ಸ್ಲೈಡ್ ಪೂರ್ತಿ ಒಳಗಿದ್ದೂ ಶ್ರುತಿ ಕೆಳಗಿದೆ ಅಂದರೆ ಅನುಮಾನ ಪಡಬೇಕು. ಸೀರಿಯಲ್ ನಂಬರ್ ಎರಡನೇ ವಾಲ್ವ್ ಮೇಲೆ ಸ್ಪಷ್ಟವಾಗಿತ್ತು, ಕೆರೆದಿರಲಿಲ್ಲ. ಕೆರೆದ ನಂಬರ್ ಇರುವ ವಾದ್ಯ ಕದ್ದ ಮಾಲು ಇರಬಹುದು, ಅದನ್ನು ಮುಟ್ಟದೇ ಇರುವುದು ಒಳ್ಳೆಯದು.

ದುಡ್ಡು ಕೊಟ್ಟು ತಂದೆವು.

ರಿಪೇರಿ

ರಿಪೇರಿಯವರು ಮೊದಲು ಎರಡನೇ ಸ್ಲೈಡನ್ನು ಬಿಸಿ ಮಾಡಿ ಬಿಡಿಸಿದರು. ಆಮೇಲೆ ಅದರ ಬುಡವನ್ನು ನೇರ ಮಾಡಿ, ವಾಲ್ವ್ ಕೊಳವೆಯೊಳಗೆ ಅಳತೆಯ ಉಕ್ಕಿನ ಗುಂಡು ಸರಳು ತೂರಿಸಿ, ಬಾಗಿದ ಜಾಗವನ್ನು ಒಳಗಿನಿಂದ ಹೊರಕ್ಕೆ ತಳ್ಳಿದರು. ಪ್ರತಿ ಸಲ ಸ್ವಲ್ಪ ಕೆಲಸ, ಪಿಸ್ಟನ್ ಹಾಕಿ ನೋಡುವುದು, ಮತ್ತೆ ಸ್ವಲ್ಪ ಕೆಲಸ. ಈ ಕೆಲಸಕ್ಕೆ ಆತುರ ಕೂಡದು. ಮನೆಯಲ್ಲಿ ಇಕ್ಕಳ ಹಾಕಿ ಎಳೆದಿದ್ದರೆ ಸ್ಲೈಡ್ ಹರಿದು ಬರುತ್ತಿತ್ತು. ಸಿಕ್ಕಿಕೊಂಡ ಮೌತ್‌ಪೀಸ್‌ಗೂ ಇದೇ ಮಾತು. ಅದನ್ನು ಬಿಡಿಸಲು ಬೇರೆಯೇ ಉಪಕರಣ ಇದೆ. ಇಕ್ಕಳ ಹಾಕಿ ತಿರುಚಿ ಲೀಡ್‌ಪೈಪನ್ನೇ ತಿರುಚಿಟ್ಟ ವಾದ್ಯಗಳು ಎಷ್ಟೋ ಇವೆ.

ನಂತರ ಒಳಗೆಲ್ಲಾ ತೊಳೆದರು, ವಾಲ್ವ್‌ಗಳ ಫೆಲ್ಟ್‌ಗಳನ್ನು (ಸದ್ದಾಗದಂತೆ ಇಡುವ ಮೆತ್ತನೆ ಬಟ್ಟೆ ತುಂಡು) ಬದಲಾಯಿಸಿದರು, ನೀರು ಬಿಡುವ ಕೀಲಿಯ ಕಾರ್ಕ್ ಹೊಸದು ಹಾಕಿದರು. ಖರ್ಚು ನೂರರಲ್ಲಿ 28 ಭಾಗ. ನಾವು ಇಟ್ಟಿದ್ದಕ್ಕಿಂತ ಮೂರು ಭಾಗ ಜಾಸ್ತಿ, ಆದರೆ ವಾದ್ಯದಲ್ಲಿ ಉಳಿದ ದುಡ್ಡು ಅದನ್ನು ಆರಾಮಾಗಿ ತುಂಬಿತು.

ಮೌತ್‌ಪೀಸ್ ಮಾತ್ರ ಹೊಸದೇ ತಗೊಳ್ಳಿ ಅಂದೆ. ಪೆಟ್ಟಿಗೆಯಲ್ಲಿದ್ದದ್ದರ ಬೆಳ್ಳಿ ಲೇಪ ಅಂಚಿನಲ್ಲಿ ಸವೆದು ಹಿತ್ತಾಳೆ ಕಾಣುತ್ತಿತ್ತು. ದಿನಾ ತುಟಿಗೆ ಒತ್ತುವ ಜಾಗ ಅದು, ಕೆಲವರ ಚರ್ಮಕ್ಕೆ ಆಗುವುದಿಲ್ಲ. ಶಾಲೆಯಲ್ಲಿ ಅವಳು ಊದುತ್ತಿದ್ದ ಅಳತೆಯದ್ದನ್ನೇ, 7ಸಿ, ಕೊಡಿಸಿದೆವು. ವಾದ್ಯ ಬದಲಾದಾಗ ಮೌತ್‌ಪೀಸ್ ಅಳತೆಯನ್ನೂ ಬದಲಾಯಿಸಿದರೆ ಮಗುವಿಗೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ.

ಎಲ್ಲಾ ಸೇರಿ 78 ಭಾಗ ಖರ್ಚು, 22 ಉಳಿಯಿತು. ಅಪ್ಪ ಅದನ್ನು ಬೇರೆ ಯಾವುದಕ್ಕೂ ತೆಗೆಯದೆ ವಾದ್ಯದ ಹೆಸರಿನಲ್ಲೇ ಇಟ್ಟಿದ್ದಾರೆ.

ಈಗ

ಹುಡುಗಿ ಮನೆಗೆ ತಂದ ಮೇಲೆ ಮೊದಲು ಕಲಿತದ್ದು ಮೂರನೇ ಸ್ಲೈಡ್ ಎಳೆಯುವುದು. ಶಾಲೆಯ ಟ್ರಂಪೆಟ್‌ನಲ್ಲಿ ಅದು ಕಿಲುಬು ಹಿಡಿದು ಜಾಮ್ ಆಗಿತ್ತು. ಹಾಗಾಗಿ ಕೆಳಗಿನ ಡಿ ಮತ್ತು ಸಿ ಶಾರ್ಪ್ ಸ್ವರಗಳು ಯಾವಾಗಲೂ ಮೇಲಕ್ಕೆ ಎಳೆದ ಹಾಗೆ ಕೇಳುತ್ತಿದ್ದವು, ಅವಳು ತುಟಿಯಲ್ಲೇ ಇಳಿಸಲು ಒದ್ದಾಡುತ್ತಿದ್ದಳು. ಅದರಲ್ಲಿ ಅವಳ ತಪ್ಪು ಏನೂ ಇರಲಿಲ್ಲ. ಒಂದೊಂದು ವಾಲ್ವ್‌ನ ಕೊಳವೆ ಅದೊಂದನ್ನೇ ಒತ್ತಿದಾಗಿನ ಲೆಕ್ಕಕ್ಕೆ ಮಾಡಿದ್ದು. ಒಂದು ಮತ್ತು ಮೂರು ಸೇರಿಸಿ ಒತ್ತಿದಾಗ (ಡಿ ಸ್ವರ), ಮೂರನ್ನೂ ಒತ್ತಿದಾಗ (ಸಿ ಶಾರ್ಪ್), ಒಟ್ಟು ಉದ್ದ ಸ್ವಲ್ಪ ಸಾಲದೆ ಬರುತ್ತದೆ. ಉಂಗುರಕ್ಕೆ ಬೆರಳು ಹಾಕಿ ಮೂರನೇ ಸ್ಲೈಡನ್ನು ಮುಂದಕ್ಕೆ ತಳ್ಳಿ ಆ ಕೊರತೆ ತುಂಬಬೇಕು. ಈ ಟ್ರಂಪೆಟ್‌ನಲ್ಲಿ ಅದು ನೀರಿನ ಹಾಗೆ ಜಾರುತ್ತದೆ. ಡಿ ಸ್ವರ ಟ್ಯೂನರ್ ಮೇಲೆ ನಡುವೆ ಬಂದು ನಿಂತಾಗ ಅವಳು "ಅಂಕಲ್, ಇದು ಸರಿಯಾಗಿ ಬರೋ ಸ್ವರಾನಾ?" ಅಂತ ಕೇಳಿದಳು. ಒಂದು ವರ್ಷ ಅದನ್ನು ತನ್ನದೇ ಕೊರತೆ ಅಂದುಕೊಂಡಿದ್ದಳು.

ಊದುವ ಮೊದಲು ಬಾಯಿ ತೊಳೆಯುವುದು, ಊದಿದ ಮೇಲೆ ನೀರು ಪೂರ್ತಿ ಬಿಡುವುದು, ತಿಂಗಳಿಗೊಮ್ಮೆ ಉಗುರುಬೆಚ್ಚಗಿನ ನೀರಲ್ಲಿ ತೊಳೆದು ಕೊಳವೆಗಳಿಗೆ ಉದ್ದ ಬ್ರಷ್ ಹಾಕುವುದು, ಇಷ್ಟು ಹೇಳಿಕೊಟ್ಟಿದ್ದೇನೆ. ಕುದಿಯುವ ನೀರು ಬೇಡ, ಲ್ಯಾಕರ್ ಏಳುತ್ತದೆ. ಪಿಸ್ಟನ್ ಒಂದು ಸಲಕ್ಕೆ ಒಂದೇ ತೆಗೆಯಬೇಕು, ಆಗ ಅದಲುಬದಲಾಗುವ ಪ್ರಶ್ನೆಯೇ ಇಲ್ಲ.

ಬೆಲ್ ಅಂಚಿನ ನೆಗ್ಗು ಇನ್ನೂ ಇದೆ. ಉಳಿದ ದುಡ್ಡಿನಲ್ಲಿ ಅದನ್ನು ತೆಗೆಸಿ ಹೊಸ ಮೆರುಗು ಕೊಡಿಸೋಣವಾ ಅಂತ ಅಪ್ಪ ಕೇಳಿದರು. ಬೇಡ ಅಂದೆ. ಲೀಡ್‌ಪೈಪ್‌ನಲ್ಲಿ ಬಿದ್ದ ನೆಗ್ಗು ಸ್ವರವನ್ನು ಕೆಡಿಸಬಹುದು, ಬೆಲ್‌ನ ಅಗಲವಾದ ಅಂಚಿನಲ್ಲಿ ಅಷ್ಟು ಸಣ್ಣದು ಏನೂ ಮಾಡುವುದಿಲ್ಲ. ಆ ದುಡ್ಡು ಮುಂದಿನ ವರ್ಷ ಒಳಗೆಲ್ಲಾ ಶುಚಿ ಮಾಡಿಸಿ, ವಾಲ್ವ್‌ಗಳನ್ನು ಮತ್ತೊಮ್ಮೆ ನೋಡಿಸಲು ಇರಲಿ ಅಂತ ತೀರ್ಮಾನ ಆಯಿತು.